ಎಮ್ಮೆ ಕೊಟ್ಟು ಆಡು ತಂದ ವಾರಂಟಿ

ಎಮ್ಮೆ ಕೊಟ್ಟು ಆಡು ಹಿಡಿದು ಬಂದವನಿಗೆ, ‘ಎರಡಕ್ಕೂ ಕೊಂಬಿದೆಯಲ್ಲ ಸ್ವಾಮಿ’ ಎಂದು ಸಮಾಧಾನ ಹೇಳುವ ವಿದ್ಯೆಗೆ ಈಗ ವಾರಂಟಿ ಎಂದು ಹೆಸರು. 2.4, 5 ಗಿಗಾಹರ್ಟ್ಸ್ ಎರಡನ್ನೂ ಬಲ್ಲ ಡ್ಯುಯಲ್ ಬ್ಯಾಂಡ್ ರೂಟರ್ ಕೆಟ್ಟು ಕೌಂಟರಿನೊಳಗೆ ಹೋಗುತ್ತದೆ, 2.4 ಒಂದನ್ನೇ ಬಲ್ಲ ಬಡಪಾಯಿ ಹೊರಗೆ ಬರುತ್ತದೆ. ನಮ್ಮಂಥ ಸಂಕೋಚದ ಪ್ರಾಣಿಗಳು ಅದಕ್ಕೂ ಥ್ಯಾಂಕ್ಸ್ ಹೇಳುತ್ತೇವೆ. ಇದಕ್ಕಿಂತ ಮುಂಬೈ ಬಳಿಯ ಉಲ್ಹಾಸನಗರವೇ ವಾಸಿ. 1949ರಲ್ಲಿ ಸಿಂಧಿ ನಿರಾಶ್ರಿತರ ಕ್ಯಾಂಪಿನಿಂದ ಎದ್ದ ಈ ಊರಿನ ಸರಕಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಅಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ತಮಾಷೆಯಿದೆ. ಅಲ್ಲಿ ಕೊಳ್ಳುವವನಿಗೆ ಜೋಕು ಮೊದಲೇ ಗೊತ್ತು, ದರವೂ ಜೋಕಿಗೆ ತಕ್ಕಂತೆ. ಅಸಲಿ ಬೆಲೆ ತೆತ್ತು, ಆಮೇಲೆ ಜೋಕು ಕೇಳಿಸಿಕೊಳ್ಳುವುದು ಬೇರೆ ಮಾತು.

‘2.4 ಗೋಡೆ ದಾಟುತ್ತದೆ, 5 ದಾಟದು’ ಎಂಬ ವಾದವುಂಟು. ದಾಟುತ್ತದೆ, ಸುಳ್ಳಲ್ಲ. ಪಕ್ಕದ ಮನೆಯದೂ ದಾಟುತ್ತದೆ, ಮೇಲಿನ ಮನೆಯದೂ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11, ಹೀಗೆ ಮೂರೇ. ಡೊಂಬಿವಲಿಯ ಕಟ್ಟಡವೊಂದರ ಅಷ್ಟೂ ರೂಟರುಗಳು ಬೆಳಗಿನ ಮುಂಬೈ ಫಾಸ್ಟ್ ಲೋಕಲ್ ರೈಲು ಹತ್ತುವಂತೆ ಈ ಮೂರು ಬಾಗಿಲಿಗೇ ಮುಗಿಬೀಳಬೇಕು. ಸಾಲದ್ದಕ್ಕೆ ಹಾಲು ಬಿಸಿ ಮಾಡುವ ಮೈಕ್ರೋವೇವಿಗೂ ಅದೇ ಬೋಗಿ! ‘ಹಳೆ ಮಾಡೆಲ್ ನಿಂತುಹೋಗಿದೆ’ ಎಂಬುದು ಇನ್ನೊಂದು ವಾದ. ನಿಂತಿದ್ದರೆ ಮೇಲಿನ ಮೆಟ್ಟಿಲಿನದು ಕೊಡಲಿ. ಕೆಳಗಿನದೇ ಯಾಕೆ ಕೈಗೆ ಸಿಗುತ್ತದೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಆಯೋಗವು ದೋಷವಿರುವ ವಸ್ತುವಿಗೆ ಬದಲಾಗಿ ಅದೇ ಬಗೆಯ ಹೊಸ ವಸ್ತು ಕೊಡಿಸಬಹುದು, ಹಣವನ್ನೂ ವಾಪಸು ಕೊಡಿಸಬಹುದು. ಗ್ರಾಹಕ ಸಹಾಯವಾಣಿ 1915. ಫೋನು ಸಾಕು, ವೈಫೈ ಬೇಕಿಲ್ಲ.