ಲಂಬರೇಖೆಯ ಉಪಾಸಕರು

ಪರದೇಶ ಪರ್ಯಟನಕ್ಕೆ ಹೊರಡುವವರಲ್ಲಿ ನಮ್ಮ ಕಡೆಯ ಊಟವನ್ನು ಅರಸುವವರು ಕೆಲವರು, ಅಂಗಡಿಗಳನ್ನು ಅರಸುವವರು ಹಲವರು. ಇವರ ಸಹವಾಸದಿಂದ ಹಣಕ್ಕೆ ಹಾನಿಯುಂಟಾದೀತೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಯುರೋಪಿನ ಹಳೆಯ ಪಟ್ಟಣಗಳ ವಾಸ್ತುವೈಭವವನ್ನು ನಿರ್ದೋಷವಾಗಿ ಚಿತ್ರದಲ್ಲಿ ಹಿಡಿದು ತರಬೇಕೆಂಬ ವ್ರತವನ್ನು ತೊಟ್ಟು, ಕೊರಳಿಗೆ ಕ್ಯಾಮೆರಾ, ಬೆನ್ನಿಗೆ ಲೆನ್ಸುಗಳ ಚೀಲ, ಟ್ರೈಪಾಡ್ ಹೊರುವುದಕ್ಕೆ ಸಾಧುಸ್ವಭಾವದ ಒಬ್ಬ ಸ್ನೇಹಿತ, ಇಷ್ಟನ್ನು ಒದಗಿಸಿಕೊಂಡು ಹೊರಡುವ ಮೂರನೆಯ ವರ್ಗದವರ ಮಾತೇ ಬೇರೆ. ಈ ವರ್ಗದ ಲಕ್ಷಣಗಳನ್ನು ನಾನು ಗ್ರಂಥಾವಲೋಕನದಿಂದ ಅರಿತವನಲ್ಲ. ನಮ್ಮ ರಾಯರ ಟ್ರೈಪಾಡನ್ನು ಹೆಗಲಮೇಲೆ ಹೊತ್ತು ಅರಿತವನು.

ರಾಯರ ಇಷ್ಟದೈವ ಲಂಬರೇಖೆ. ಎತ್ತರದ ಗೋಪುರವನ್ನು ಹಿಡಿಯಲೆಂದು ಕ್ಯಾಮೆರಾದ ಮೂತಿಯನ್ನು ಮೇಲಕ್ಕೆತ್ತಿದೊಡನೆ ಎಡಬಲದ ಗೋಡೆಗಳು ತುದಿಯಲ್ಲಿ ಒಂದನ್ನೊಂದು ಕೂಡಲು ಹವಣಿಸಿ, ಕಟ್ಟಡವೇ ಹಿಂದಕ್ಕೆ ವಾಲಿದಂತೆ ಚಿತ್ರದಲ್ಲಿ ಮೂಡುವುದಷ್ಟೆ. ನಮ್ಮಂಥ ಪಾಮರರು ಅದನ್ನೇ ಎತ್ತರದ ಲಕ್ಷಣವೆಂದು ಭಾವಿಸಿ ಸಂತೋಷಪಡುವೆವು; ರಾಯರಿಗಾದರೋ ಅದು ಮಹಾಪಾತಕ. ಈ ಪಾತಕದ ಪರಿಹಾರಾರ್ಥವಾಗಿ, ಕ್ಯಾಮೆರಾವನ್ನು ಮಟ್ಟವಾಗಿಯೇ ಇರಿಸಿ ಲೆನ್ಸನ್ನು ಮಾತ್ರ ಮೇಲಕ್ಕೆ ಜರುಗಿಸಲು ಬರುವ ಶಿಫ್ಟ್ ಲೆನ್ಸ್ ಎಂಬ ಸಾಧನವೊಂದನ್ನು, ಮಗಳ ಮದುವೆಗೆ ಒಡವೆ ಮಾಡಿಸುವ ತಂದೆಯ ಸಂಕಟ ಸಂಭ್ರಮಗಳೆರಡನ್ನೂ ಅನುಭವಿಸುತ್ತ ಅವರು ಕೊಂಡಿದ್ದಾರೆ. ಆದರೆ ಅದರ ಜರುಗಾಟಕ್ಕೂ ಒಂದು ಮಿತಿಯುಂಟು. ಆ ಮಿತಿಯನ್ನು ಮೀರಿದ ಗೋಪುರ ಎದುರಾದಾಗ ಹಿಂದೆ ಸರಿಯುವುದೊಂದೇ ಉಪಾಯ. ಬ್ರೂಜ್ ಪಟ್ಟಣದ 83 ಮೀಟರಿನ ಗಂಟೆಗೋಪುರದ ಮುಂದೆ ವಿಶಾಲವಾದ ಚೌಕವಿದ್ದುದರಿಂದ ನಾವು ಬದುಕಿದೆವು. ಉಳಿದೆಡೆಗಳಲ್ಲಿ ಕಟ್ಟಿದವರು ರಾಯರ ಆಗಮನವನ್ನು ನೆನೆದು ಬೀದಿಗಳನ್ನು ಅಗಲವಾಗಿ ಬಿಟ್ಟವರಲ್ಲವಾದ್ದರಿಂದ, ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಅವರು ರೊಟ್ಟಿಯಂಗಡಿಗಳನ್ನೂ, ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳನ್ನೂ, ಒಮ್ಮೆ ಒಂದು ಮದುವೆಯ ದಿಬ್ಬಣವನ್ನೂ ಬೆನ್ನಿನಿಂದಲೇ ಸಂದರ್ಶಿಸಿದರು. ಯುರೋಪನ್ನು ಹಿಮ್ಮುಖವಾಗಿ ಸಂಚರಿಸಿ ನೋಡಿಬಂದ ಕನ್ನಡಿಗರಲ್ಲಿ ಅವರೇ ಮೊದಲಿಗರೆಂದು ನನ್ನ ನಂಬಿಕೆ.

ವಾಲುವ ರೇಖೆಯ ತರುವಾಯ ರಾಯರ ಪರಮವೈರಿ ಮನುಷ್ಯಪ್ರಾಣಿ. ಅವರ ಚಿತ್ರದೊಳಗೆ ಪ್ರವೇಶಾಧಿಕಾರವುಳ್ಳ ಏಕೈಕ ಮಾನವನು ನಾನು. ಅದೂ ಹೆಬ್ಬಾಗಿಲಿನ ಎತ್ತರ ನೋಡುವವರಿಗೆ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ ಅಳತೆಗೋಲಾಗಿ ಮಾತ್ರ. ಮಿಕ್ಕವರನ್ನು ನಿವಾರಿಸುವುದಕ್ಕೆ ಅವರಲ್ಲೊಂದು ಮಂತ್ರವಿದೆ. ಲೆನ್ಸಿನ ಮುಂದೆ ಕಡುಗಪ್ಪು ಗಾಜೊಂದನ್ನು ಸಿಕ್ಕಿಸಿ ಷಟರನ್ನು ಕೆಲವು ನಿಮಿಷ ತೆರೆದಿಟ್ಟರೆ, ಚಲಿಸುವವರಾರೂ ಮೂಡದೆ ಮಾಯವಾಗಿ, ಅಚಲವಾದ ಕಲ್ಲುಮಾತ್ರ ಉಳಿಯುವುದು. ಜಗತ್ತಿನ ಮಿಥ್ಯಾತ್ವವನ್ನು ಅದ್ವೈತಿಗಳು ವಾದದಿಂದ ಸಾಧಿಸಿದರೆ ರಾಯರು ಫಿಲ್ಟರಿನಿಂದ ಸಾಧಿಸುತ್ತಾರೆ.

ಸ್ಟ್ರಾಸ್‌ಬರ್ಗ್ ಕೆಥೆಡ್ರಲಿನ ಎದುರಿಗೆ ಈ ಮಂತ್ರಪ್ರಯೋಗವಾದಾಗ ಚೌಕದಲ್ಲಿದ್ದ ಪ್ರವಾಸಿಗಳ ಜಾತ್ರೆಯೆಲ್ಲ ಕರಗಿಹೋಯಿತು. ಕರಗದೆ ಉಳಿದವನು ಕಲ್ಲುಕಟ್ಟೆಯ ಮೇಲೆ ಕುಳಿತು ಪತ್ರಿಕೆಯಲ್ಲಿ ತನ್ಮಯನಾಗಿದ್ದ ವೃದ್ಧನೊಬ್ಬ. "ಮಾರಾಯರೇ, ಹೋಗಿ ಆ ಹಿರಿಯರನ್ನು ಸ್ವಲ್ಪ ಏಳಿಸಿ ಬನ್ನಿ" ಎಂದು ರಾಯರು ನನ್ನನ್ನು ಅಟ್ಟಿದರು. ಫ್ರೆಂಚ್ ಭಾಷೆಯ ಗಂಧವಿಲ್ಲದ ನಾನು ಕೈಮುಗಿದು, ಕ್ಯಾಮೆರಾದ ಕಡೆ ಬೆರಳು ತೋರಿ, ಕೂರುವ ಏಳುವ ಕ್ರಿಯೆಗಳೆರಡನ್ನೂ ಅಭಿನಯಿಸಿದೆನು. ಬಳಲಿದ ಪರದೇಶಿಯೊಬ್ಬ ಕುಳಿತುಕೊಳ್ಳಲು ಸ್ಥಳ ಬೇಡುತ್ತಿರುವನೆಂದು ತಿಳಿದ ಆ ಪುಣ್ಯಾತ್ಮನು ಪಕ್ಕಕ್ಕೆ ಸರಿದು, ನನ್ನ ತೋಳು ಹಿಡಿದು ಕುಳ್ಳಿರಿಸಿಕೊಂಡು, 142 ಮೀಟರ್ ಎತ್ತರದ ಒಂಟಿ ಶಿಖರವನ್ನೂ, 1439ರಲ್ಲಿ ಅದು ಮುಗಿದ ಮೇಲೆ ಎಂದೆಂದಿಗೂ ಏಳದೆಹೋದ ಅದರ ಜೋಡಿಯ ಬರಿದಾದ ತಾಣವನ್ನೂ ಕೈಚಾಚಿ ತೋರಿಸತೊಡಗಿದನು. ವೋಜ್ ಪರ್ವತದ ಕೆಂಗಲ್ಲು ಇಳಿಬಿಸಿಲಿಗೆ ರಂಗೇರುತ್ತಿತ್ತು. ನಾನು ಬಂದ ಕಾರ್ಯವನ್ನು ಮರೆತು ನೋಡುತ್ತ ಕುಳಿತೆನು. ಚಿತ್ರದಲ್ಲಿ ನಾವಿಬ್ಬರೂ ಕೆತ್ತಿಟ್ಟಂತೆ ಸ್ಫುಟವಾಗಿ ಮೂಡಿದ್ದೆವು. "ಒಂದು ಕಲೆ ತೆಗೆಯಿರೆಂದರೆ ಎರಡು ಮಾಡಿದಿರಲ್ಲ ಸ್ವಾಮಿ!" ಎಂದು ರಾಯರು ಆ ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟರು.

ಇತರ ಗುಣಗಳನ್ನು ಸಂಗ್ರಹವಾಗಿ ಹೇಳಬಹುದು. ನೀಲಿಯಾಕಾಶ ಅವರಿಗೆ ರುಚಿಸದು, ಮೋಡ ಬೇಕು; ಮೋಡ ಬಂದರೆ ಬಿಸಿಲು ಬೇಕು. ಹೋಟೆಲಿನ ಉಪಾಹಾರ ಆರಂಭವಾಗುವ ಮುನ್ನವೇ ಬೀದಿಯಲ್ಲಿರಬೇಕು. ಕಸದ ಡಬ್ಬಿ, ತಂತಿ, ಸಂಚಾರದ ಫಲಕ, ಇವುಗಳನ್ನು ಕಂಡರೆ ವೈಯಕ್ತಿಕ ದ್ವೇಷ. ಆದರೂ ಸತ್ಯವನ್ನು ನುಡಿಯಬೇಕು: ಮಾರ್ಗದರ್ಶಕರ ಹಿಂದೆ ಓಡುವ ನಾನೊಬ್ಬನೇ ಆಗಿದ್ದರೆ, ರೋಥೆನ್‌ಬುರ್ಗಿನ ಕೋಟೆಗೋಡೆಯಲ್ಲಿ, 1945ರ ಬಾಂಬುದಾಳಿಯ ತರುವಾಯ ಅದನ್ನು ಮತ್ತೆ ಕಟ್ಟಲು ದೂರದೇಶಗಳಿಂದ ಹಣ ಕೊಟ್ಟವರ ಹೆಸರುಗಳನ್ನು ಕೆತ್ತಿದ ಕಲ್ಲುಗಳನ್ನು ಗಮನಿಸುತ್ತಿರಲಿಲ್ಲ. ಒಂದೇ ಗೋಡೆಯ ಮುಂದೆ ಬೆಳಕಿಗಾಗಿ ಗಂಟೆಗಟ್ಟಲೆ ಕಾಯುವವರ ಪಕ್ಕದಲ್ಲಿ ನಿಂತರೆ, ಬೇಸರದ ಫಲವಾಗಿಯಾದರೂ ಕಲ್ಲನ್ನು ಓದುವುದು ಅಭ್ಯಾಸವಾಗುತ್ತದೆ.

ರಾಯರ ತಾಳ್ಮೆ ಸಂಪೂರ್ಣವಾಗಿ ಮುರಿದುಬಿದ್ದುದು ಕಲೋನಿನಲ್ಲಿ. ರೈಲುನಿಲ್ದಾಣದಿಂದ ಹೊರಬಂದೊಡನೆ ಎದುರಿಗೇ ನಿಲ್ಲುವ, 157 ಮೀಟರ್ ಎತ್ತರದ ಆ ಕೆಥೆಡ್ರಲಿನ ಗೋಪುರವೊಂದಕ್ಕೆ ಸಾರುವೆ ಕಟ್ಟಿದ್ದರು. ರಾಯರು ಟೋಪಿಯನ್ನು ತೆಗೆದು ಮೆಟ್ಟಿಲಮೇಲೆ ಕುಳಿತುಬಿಟ್ಟರು. "ಇಷ್ಟು ದೂರ ಬಂದದ್ದು ಕಬ್ಬಿಣದ ಕೊಳವೆಗಳನ್ನು ನೋಡುವುದಕ್ಕೇನು?" ಎಂದರು.

ಸಮಾಧಾನ ಹೇಳಲೆಂದು ನಾನು ಇತಿಹಾಸವನ್ನು ಬಿಚ್ಚಿದೆನು. 1248ರಲ್ಲಿ ಅಸ್ತಿಭಾರವಾದ ಈ ಕಟ್ಟಡದ ಕೆಲಸ ಹದಿನಾರನೆಯ ಶತಮಾನದಲ್ಲಿ ನಿಂತೇಹೋಗಿ, ಮರಳಿ 1842ರಲ್ಲಿ ಮೊದಲಾಗಿ, 1880ರಲ್ಲಿ ಮುಗಿಯಿತು. ಅರ್ಧಕ್ಕೆ ನಿಂತ ದಕ್ಷಿಣಗೋಪುರದ ನೆತ್ತಿಯಲ್ಲಿ ಕಲ್ಲೆತ್ತುವ ಮರದ ಕ್ರೇನೊಂದು ಸುಮಾರು ನಾಲ್ಕು ಶತಮಾನಗಳ ಕಾಲ, 1868ರವರೆಗೆ, ಹಾಗೆಯೇ ನಿಂತಿದ್ದು, ಅದೇ ಊರಿನ ಗುರುತಾಗಿತ್ತು. ಅದಿಲ್ಲದ ಕೆಥೆಡ್ರಲನ್ನು ತಲೆತಲಾಂತರದವರು ಕಂಡೇ ಇರಲಿಲ್ಲ. ಮಳೆಗೂ ಹೊಗೆಗೂ ಸವೆದ ಕಲ್ಲನ್ನು ಬದಲಿಸುವ ಶಿಲ್ಪಿಗಳ ಕಾರ್ಯಾಗಾರ ಅಲ್ಲಿ ಇಂದಿಗೂ ಮುಚ್ಚಿಲ್ಲ. ಕೆಥೆಡ್ರಲ್ ಮುಗಿದ ದಿನ ಲೋಕವೂ ಮುಗಿದೀತೆಂದು ಆ ಊರಿನವರು ಆಡಿಕೊಳ್ಳುತ್ತಾರೆ. ಅಷ್ಟೇಕೆ, 1851ರಲ್ಲಿ ಫ್ರಾನ್ಸಿನ ಸ್ಮಾರಕಗಳ ಆಯೋಗವು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ಐವರು ಛಾಯಾಗ್ರಾಹಕರನ್ನು ದೇಶದ ಮೇಲೆ ಕಳುಹಿಸಿದುದು ಸೌಂದರ್ಯಾರಾಧನೆಗಲ್ಲ. ಯಾವುದು ಶಿಥಿಲವಾಗಿದೆ, ಯಾವುದಕ್ಕೆ ಜೀರ್ಣೋದ್ಧಾರ ಬೇಕು ಎಂದು ಅರಿಯುವುದಕ್ಕೆ. ರಾಯರ ಕಲೆಯ ಗೋತ್ರವನ್ನು ಹುಡುಕಿಕೊಂಡು ಹೋದರೆ ಸಾರುವೆಯೇ ಅದರ ಮೂಲಪುರುಷ. ಯಾರೂ ಏಣಿ ಹಾಕದ, ಯಾರೂ ಮುಟ್ಟದ, ಯಾರೂ ಅಡ್ಡಬರದ ಕಟ್ಟಡವೆಂದರೆ ಪರಿಪೂರ್ಣವಾದದ್ದಲ್ಲ, ಪರಿತ್ಯಕ್ತವಾದದ್ದು; ನಾವು ನಿರ್ದೋಷವೆಂದು ಹಂಬಲಿಸುವ ನೋಟ ಪಾಳುಬೀಳುವುದರ ಮೊದಲ ಹೆಜ್ಜೆಯೂ ಆಗಿರಬಹುದು. ಈ ಮಾತನ್ನಾಡುವಾಗ ನನ್ನ ಕಂಠ ನನಗೇ ತಿಳಿಯದಂತೆ ಪುರಾಣಿಕರ ಧಾಟಿಯನ್ನು ಹಿಡಿದಿತ್ತು.

ರಾಯರು ಗೋಪುರವನ್ನೇ ದಿಟ್ಟಿಸುತ್ತ ಬಹಳ ಹೊತ್ತು ಸುಮ್ಮನಿದ್ದರು. ಜ್ಞಾನೋದಯವಾಯಿತೆಂದೇ ಭಾವಿಸಿ ನಾನು ಧನ್ಯನಾದೆನು.

"ನೀವು ಹೇಳಿದ್ದು ನಿಜ" ಎಂದರು ಕಡೆಗೆ. "ಈ ಸಾರುವೆ ಇಲ್ಲಿಂದ ಯಾವ ವರ್ಷ ಹಿಂಭಾಗಕ್ಕೆ ಹೋಗುತ್ತದೆಂದು ಕಾರ್ಯಾಗಾರದಲ್ಲಿ ವಿಚಾರಿಸಿಬಿಡಿ, ಆ ವರ್ಷವೇ ಮತ್ತೊಮ್ಮೆ ಬಂದುಹೋಗೋಣ. ಟ್ರೈಪಾಡ್ ಹೊರುವುದು ಹೇಗೂ ನಿಮಗೆ ಅಭ್ಯಾಸವಾಗಿದೆ."