ಕೆಂಡದ ಜಾಲರಿಗೆ ಜಾಲಿಮರದ ಹಲಗೆ

ಬಾರ್ಬೆಕ್ಯೂ ನಮ್ಮ ಕಡೆಗೂ ಬಂದೇಬಿಡ್ತು ನೋಡಿ. ಮೊದಲು ದಾವಣಗೆರೆಗೆ ಹೋದಾಗ ದೊಡ್ಡ ಹೋಟೆಲಿನಲ್ಲಿ ಕಾಣ್ತಿದ್ದದ್ದು, ಈಗ ಚನ್ನಗಿರಿಯಲ್ಲಿ ತಾರಸಿ ಮೇಲಿದೆ, ಹೊನ್ನಾಳಿಯಲ್ಲಿ ಹೊಳೆದಂಡೆ ತೋಟದಲ್ಲಿದೆ, ನ್ಯಾಮತಿ ಕಡೆ ರಸ್ತೆಬದಿ ಢಾಬಾದಲ್ಲಿದೆ. ಜಗಳೂರು ಕಡೆಯ ಹುಡುಗರಂತೂ ಹೊಲದ ಬದುವಿನ ಮೇಲೇ ಹಚ್ಚಿಬಿಡ್ತಾರೆ. ಬೇಲಿ ಆಚೆಯಿಂದ ಹೊಗೆ ಬಂದರೆ ಸಾಕು, ಇವತ್ತು ಕೋಳಿಯೋ ಪನೀರೋ ಅಂತ ಮೂಗೇ ಹೇಳುತ್ತೆ.

ಸುಟ್ಟು ತಿನ್ನೋದು ನಮಗೇನು ಹೊಸದಲ್ಲ. ಬದನೆಕಾಯಿ ಸುಟ್ಟು ಗೊಜ್ಜು ಮಾಡಿದವರು, ಮೆಕ್ಕೆಜೋಳದ ತೆನೆ ಸುಟ್ಟು ನಿಂಬೆಹಣ್ಣು, ಉಪ್ಪು, ಖಾರದಪುಡಿ ಸವರಿ ತಿಂದವರು ನಾವು. ಜಿಲ್ಲೆ ತುಂಬಾ ಮೆಕ್ಕೆಜೋಳವೇ ಇರುವಾಗ ಬೇರೆ ಹೇಗೆ ಬೆಳೀತೀವಿ? ಆದರೆ ಅದೆಲ್ಲ ನೇರ ಕೆಂಡದಲ್ಲಿ ಆಗ್ತಿತ್ತು. ತಿಂದು ಮುಗಿದರೆ ಬೂದಿ, ಅಷ್ಟೆ. ಈಗಿನದು ಜಾಲರಿ. ತಿನ್ನೋವಾಗ ಹತ್ತು ಜನ ಸುತ್ತ ನಿಂತಿರ್ತಾರೆ, ಮಾರನೇ ದಿನ ಬೆಳಿಗ್ಗೆ ಆ ಕರಕಲು, ಆ ಜಿಡ್ಡು ಹಿಡಿದ ಜಾಲರಿ ಮುಂದೆ ಕೂರೋಕೆ ಒಬ್ಬರೇ. ಅದೂ ಸಾಮಾನ್ಯವಾಗಿ ಹಿಂದಿನ ದಿನ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವರೇ, ಅಲ್ವಾ?

ಮೊನ್ನೆ ಪಕ್ಕದ ಮನೆಯವರು ಬೇಲಿ ಹತ್ತಿರ ಕೂತು ಉಜ್ಜುತ್ತಿದ್ದರು. ಬೇಲಿ ಅಂದರೆ ನಮ್ಮದು ಅಡಿಕೆ ದಬ್ಬೆಯದು, ಸಂದಿಯಲ್ಲಿ ಎಲ್ಲಾ ಕಾಣುತ್ತೆ. ಕೈಯಲ್ಲಿ ತಂತಿ ಬ್ರಷ್ಷು. ಗೇಟಿಗೆ ಬಣ್ಣ ಹೊಡೆಯೋಕೆ ಮೊದಲು ತುಕ್ಕು ಕೆರೀತಾರಲ್ಲ, ಅದೇ. ನೋಡ್ತಿದ್ದ ಹಾಗೆ ನನಗೆ ತಡೀಲಿಲ್ಲ. "ಅದನ್ನ ಕೆಳಗಿಡಿ ಮೊದಲು, ಆಮೇಲೆ ಮಾತಾಡೋಣ" ಅಂದೆ.

ಯಾಕೆ ಅಂತ ಕೇಳಿ. ಆ ಬ್ರಷ್ಷಿನ ತಂತಿ ಎಳೆ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಕಾದ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಬುಡ ಸಡಿಲ ಆಗುತ್ತೆ, ಒಂದೊಂದೇ ಎಳೆ ಕಳಚಿಕೊಳ್ಳುತ್ತೆ. ನೆಲಕ್ಕೆ ಬಿದ್ದರೆ ಸರಿ. ಜಾಲರಿಯ ಜಿಡ್ಡಿಗೆ ಅಂಟಿಕೊಂಡರೆ? ಕಪ್ಪು ಕಂಬಿ ಮೇಲೆ ಕಪ್ಪು ಎಳೆ, ಹಗಲಲ್ಲೇ ಕಾಣಲ್ಲ, ಇನ್ನು ರಾತ್ರಿ ಬಲ್ಬಿನ ಬೆಳಕಲ್ಲಿ ಎಲ್ಲಿಂದ ಕಾಣಬೇಕು? ಮುಂದಿನ ಸಲ ಕೋಳಿ ಇಟ್ಟಾಗ ಕೋಳಿಗೆ ಹತ್ತಿಕೊಳ್ಳುತ್ತೆ, ಕೋಳಿ ಜೊತೆ ಬಾಯಿಗೆ ಹೋಗುತ್ತೆ. ಇದು ಸುಮ್ಮನೆ ಹೆದರಿಸೋ ಮಾತಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ವೈದ್ಯರು 2016ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. 2002ರಿಂದ 2014ರ ನಡುವೆ ಆ ದೇಶದಲ್ಲಿ ಇಂಥ ಎಳೆ ಚುಚ್ಚಿ ತುರ್ತು ಚಿಕಿತ್ಸೆಗೆ ಓಡಿದವರು ಅಂದಾಜು 1,698 ಮಂದಿ. ಬಾಯಿಗೆ, ಗಂಟಲಿಗೆ ಚುಚ್ಚಿದ್ದೇ ಹೆಚ್ಚು. ಕೆಲವರಿಗೆ ಕೆಳಗಿಳಿದು ಕರುಳನ್ನೇ ತೂತು ಮಾಡಿದೆ. ಒಂದು ಊಟಕ್ಕೆ ಅಷ್ಟು ದೊಡ್ಡ ದಂಡ ಯಾಕೆ ಕೊಡಬೇಕು ಹೇಳಿ.

ಇಲ್ಲಿ ಒಂದು ಮಾತು ನೆನಪಿಗೆ ಬಂತು. ಹೊನ್ನಾಳಿ ಕಡೆ ನೆಂಟರ ಮನೆಗೆ ಹೋದರೆ ಹೊಳೆ ಮೀನಿನ ಊಟ. ತುಂಗಭದ್ರೆ ಮೀನಿಗೆ ರುಚಿ ಎಷ್ಟೋ ಮುಳ್ಳೂ ಅಷ್ಟೇ. ಚಿಕ್ಕವರಾಗಿದ್ದಾಗ ಯಾರಿಗಾದರೂ ಮುಳ್ಳು ಸಿಕ್ಕಿಕೊಂಡರೆ ದೊಡ್ಡವರು ಒಂದು ತುತ್ತು ಮುದ್ದೆ ಕೊಟ್ಟು "ಅಗೀಬೇಡ, ಗುಳುಂ ಅನ್ನಿಸು" ಅಂತಿದ್ದರು. ಎಷ್ಟೋ ಸಲ ಮುಳ್ಳು ಇಳಿದೂ ಹೋಗ್ತಿತ್ತು. ಆದರೆ ತಂತಿ ಎಳೆಗೆ ಈ ಮದ್ದು ಬೇಡವೇ ಬೇಡ. ಮುದ್ದೆ, ಬಾಳೆಹಣ್ಣು ಅಂತ ಮೇಲಿಂದ ಒತ್ತಿದರೆ ಅದು ಇನ್ನೂ ಒಳಕ್ಕೆ ನಾಟಿಕೊಳ್ಳಬಹುದು. ಸುಟ್ಟ ಬಾಡು ತಿಂದ ಮೇಲೆ ನುಂಗುವಾಗ ಚುಚ್ಚಿದಂತಾದರೆ ನೇರ ಡಾಕ್ಟರ ಹತ್ತಿರ ಹೋಗಿ "ಜಾಲರಿಗೆ ತಂತಿ ಬ್ರಷ್ಷು ಹಾಕಿದ್ವಿ" ಅಂತ ಬಾಯಿಬಿಟ್ಟು ಹೇಳಬೇಕು. ಹೇಳದೇ ಇದ್ದರೆ ಪಾಪ, ಅವರಿಗೆ ಹೇಗೆ ಹೊಳೀಬೇಕು? ಗಂಟಲು ನೋವು ಅಂದರೆ ಶೀತ ಅಂದುಕೊಳ್ಳೋದೇ ಸಹಜ.

ಹಾಗಾದರೆ ಏನು ಹಾಕಿ ಉಜ್ಜೋದು ಅಂತೀರಾ? ಮರ. ಒಂದು ಒಳ್ಳೇ ಮರದ ಹಲಗೆ, ಸಾಕು.

ನಮ್ಮ ಅಜ್ಜಿ ಜಗಳೂರು ಕಡೆಯವರು. ಅವರ ಅಡಿಗೆಮನೆಯಲ್ಲಿ ಪಾತ್ರೆ ತಳ ಕೆರೆಯೋ ಕೆಲಸವೆಲ್ಲ ಮುದ್ದೆ ಕೋಲಿನದೇ. ತಳ ಹಿಡಿದ ಹಕ್ಕಳೆಯನ್ನು ಆ ಕೋಲಿನ ತುದಿಯಿಂದಲೇ ಎಬ್ಬಿಸಿ, ಅದಕ್ಕೆ ಒಂದಿಷ್ಟು ಮಜ್ಜಿಗೆ ಹಾಕಿ ನಮಗೆ ಕೊಡ್ತಿದ್ದರು. ಅದರ ರುಚಿ ಈಗಿನ ಯಾವ ಕುರುಕಲಿಗೂ ಬರಲ್ಲ ಬಿಡಿ. ರೊಟ್ಟಿ ಹಂಚಿಗೆ ಸೀದ ಹಿಟ್ಟು ಹತ್ತಿದರೆ ಒದ್ದೆ ಬಟ್ಟೆ. ಹಂಚನ್ನ ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಮಾಡೋಕೆ ಹೊಸ ಸೊಸೆ ಹೋದರೆ ಮನೆ ಎದ್ದು ನಿಲ್ತಿತ್ತು! ಆ ಕಪ್ಪು ಅಂದರೆ ಕೊಳೆ ಅಲ್ಲ ನೋಡಿ, ವರ್ಷಾನುಗಟ್ಟಲೆ ಎಣ್ಣೆ ಕಾದು ಕಾದು ಕಬ್ಬಿಣದ ಮೇಲೆ ಕೂತ ಪದರ. ಅದಿದ್ದರೇ ರೊಟ್ಟಿ ಅಂಟಲ್ಲ, ತುಕ್ಕು ಹಿಡಿಯಲ್ಲ. ಜಾಲರಿಗೂ ಅದೇ ಪದರ ಬೇಕು. ತಂತಿ ಬ್ರಷ್ಷು ಅದನ್ನ ಕಿತ್ತು ಹಾಕುತ್ತೆ. ಮರ ಕಬ್ಬಿಣಕ್ಕಿಂತ ಮೆತ್ತಗಿರೋದರಿಂದ ಮೇಲಿನ ಕರಕಲನ್ನ ಮಾತ್ರ ಎಬ್ಬಿಸಿ, ಪದರವನ್ನ ಅದರ ಪಾಡಿಗೆ ಬಿಡುತ್ತೆ.

ಬೆಣ್ಣೆ ದೋಸೆಯವರು ಏನು ಮಾಡ್ತಾರೆ ಗಮನಿಸಿದ್ದೀರಾ? ದಾವಣಗೆರೆಯಲ್ಲಿ ಸೌದೆ ಒಲೆ ಮೇಲೆ ಅಷ್ಟಗಲ ಕಾವಲಿ. ಬೆಳಿಗ್ಗೆಯಿಂದ ನೂರಾರು ದೋಸೆ ಏಳುತ್ತೆ. ನಡುನಡುವೆ ಚುರ್ ಅಂತ ನೀರು ಚಿಮುಕಿಸಿ, ಅದಕ್ಕೇ ಅಂತ ಇಟ್ಟ ತೆಂಗಿನಕಡ್ಡಿ ಪೊರಕೆಯಿಂದ ಒಂದೇ ಬೀಸು. ತಂತಿ ಇಲ್ಲ, ಸ್ಟೀಲ್ ನಾರಿಲ್ಲ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮನವರು ನಾಟಕದ ಥಿಯೇಟರ್ ಮುಂದೆ ರಾಗಿ ದೋಸೆ ಹಾಕಿದ್ದು ಈ ದೋಸೆಗೆ ಮೂಲ ಅಂತ ಊರಲ್ಲಿ ಹೇಳ್ತಾರೆ, ನಿಮಗೂ ಗೊತ್ತಿರೋದೇ. ರಾಗಿ ಹೋಗಿ ಅಕ್ಕಿ ಬಂತು, ಬೆಣ್ಣೆ ಬಂತು, ಪೊರಕೆ ಮಾತ್ರ ಉಳಿದಿದೆ. ಆದರೆ ಅದನ್ನ ನೋಡಿಕೊಂಡು ಜಾಲರಿಗೆ ಪ್ಲಾಸ್ಟಿಕ್ ಪೊರಕೆ, ನೈಲಾನ್ ಬ್ರಷ್ ಹಿಡೀಬೇಡಿ. ಕಾದ ಕಂಬಿಗೆ ಕರಗಿ ಮೆತ್ತಿಕೊಂಡರೆ ಆಮೇಲೆ ಬಿಡಿಸೋದು ಯಾರು?

ಮರ ಅಂದ ಮೇಲೆ ಯಾವ ಮರ ಅನ್ನೋದೂ ಮುಖ್ಯ. ನನ್ನ ಕೇಳಿದರೆ ಕರಿಜಾಲಿ. ಗಾಡಿ ಚಕ್ರಕ್ಕೆ, ನೇಗಿಲಿಗೆ ಹಾಕ್ತಿದ್ದ ಮರ, ಅಷ್ಟು ಗಟ್ಟಿ. ಜಗಳೂರು ಸೀಮೆಯಲ್ಲಿ ಜಾಲಿಗೆ ಬರವೇ? ತೇಗ, ಹಲಸು, ಮಾವು ಕೂಡ ಆಗುತ್ತೆ. ಪ್ಲೈವುಡ್ ಮಾತ್ರ ಬೇಡ, ಒಳಗಿರೋದು ಅಂಟು. ಬಣ್ಣ, ವಾರ್ನಿಷ್ ಹೊಡೆದ ಹಳೇ ಕಿಟಕಿ ತುಂಡೂ ಬೇಡ. ಬೇಲಿಯಲ್ಲಿ ಸಿಗುತ್ತೆ ಅಂತ ಕಣಗಿಲೆಯ ಕಡ್ಡಿಯನ್ನಂತೂ ಊಟದ ಹತ್ತಿರವೇ ತರಬಾರದು, ಗಿಡವೆಲ್ಲಾ ವಿಷ. ಅಡಿಕೆ ದಬ್ಬೆ ಆಗಲ್ವಾ ಅಂತ ಚನ್ನಗಿರಿಯವರು ಕೇಳೇ ಕೇಳ್ತಾರೆ. ಬೇಡ, ಅದು ನಾರು ನಾರಾಗಿ ಸಿಗುರು ಏಳುತ್ತೆ, ಕೈಗೂ ಚುಚ್ಚುತ್ತೆ, ಜಾಲರಿಯಲ್ಲೂ ಉಳಿಯುತ್ತೆ. ಅದು ಬೇಲಿಯಲ್ಲೇ ಇರಲಿ.

ಜಾಲಿ ಅಂದಾಗ ಇನ್ನೊಂದು ಸ್ವಾರಸ್ಯ. ರಸ್ತೆಬದಿ, ಕೆರೆ ಅಂಗಳ ಎಲ್ಲಾ ಕಡೆ ಹಬ್ಬಿರೋ ಬಳ್ಳಾರಿ ಜಾಲಿ ಇದೆಯಲ್ಲ, ಅದು ನಮ್ಮ ಮಣ್ಣಿನದಲ್ಲ, ಅಮೆರಿಕಾ ಖಂಡದಿಂದ ಬಂದದ್ದು. ಟೆಕ್ಸಸ್‌ನವರು ಬಾಡು ಸುಡೋಕೆ ಬಹಳ ಇಷ್ಟಪಟ್ಟು ಉರಿಸೋ ಮೆಸ್ಕೀಟ್ ಮರಕ್ಕೆ ಇದು ದಾಯಾದಿ. ಅಲ್ಲಿ ಅದರ ಚಕ್ಕೆಯನ್ನ ಪ್ಯಾಕೆಟ್ಟಿನಲ್ಲಿ ದುಡ್ಡು ಕೊಟ್ಟು ತರ್ತಾರೆ, ಇಲ್ಲಿ ನಾವು ಮುಳ್ಳು ಮುಳ್ಳು ಅಂತ ಬೈದುಕೊಂಡು ಕಡಿದು ಇದ್ದಿಲು ಮಾಡ್ತೀವಿ. ನ್ಯಾಮತಿ ಢಾಬಾದ ಕೆಂಡದಲ್ಲೂ ಅದೇ ಉರೀತಿರಬಹುದು, ಯಾರಿಗೆ ಗೊತ್ತು? ಕೆಂಡಕ್ಕೆ ಸೊಗಸು, ಹಲಗೆಗೆ ಮಾತ್ರ ಒಗ್ಗಲ್ಲ. ಸೊಟ್ಟ ಸೊಟ್ಟ ಬೆಳೆಯೋದರಿಂದ ಅಂಗೈ ಅಗಲದ ನೆಟ್ಟನೆ ತುಂಡು ಸಿಗೋದೇ ಕಷ್ಟ.

ಬಡಗಿಗೆ ಹೇಳುವಾಗ ಉದ್ದ ಒಂದು ಮೊಳಕ್ಕೆ ಕಡಿಮೆ ಬೇಡ ಅನ್ನಿ, ಕೈ ಕೆಂಡದಿಂದ ದೂರ ಇರಬೇಕು. ತುದಿಯನ್ನ ಉಳಿಯಿಂದ ಓರೆಯಾಗಿ ಹೆರೆದು ಕೊಟ್ಟರೆ ಸಾಕು, ಹಲ್ಲು ಕೊರೆಯೋದು ಬೇಡ. ಹಲ್ಲನ್ನ ಜಾಲರಿಯೇ ಕೊರೆದುಕೊಳ್ಳುತ್ತೆ! ಇದು ನನಗೆ ಎಷ್ಟು ನೋಡಿದರೂ ಸಾಲದ ಚೋದ್ಯ. ಕಾದ ಕಂಬಿಗಳ ಮೇಲೆ ಹಲಗೆ ಒತ್ತಿ ಹಿಂದೆ ಮುಂದೆ ಎಳೀತಾ ಇದ್ದರೆ ಕಂಬಿ ತಾಗಿದ ಕಡೆ ಮಾತ್ರ ಮರ ಕರ್ರಗಾಗಿ, ಸಣ್ಣ ಸಣ್ಣ ಕಚ್ಚು ಬೀಳುತ್ತೆ. ನಾಲ್ಕಾರು ಸಲ ಉಜ್ಜೋ ಹೊತ್ತಿಗೆ ಬೀಗಕ್ಕೆ ಬೀಗದಕೈ ಕೂತ ಹಾಗೆ ಹಲಗೆ ಜಾಲರಿಗೆ ಕೂತುಬಿಡುತ್ತೆ. ಮೇಲಿನ ಜಿಡ್ಡಷ್ಟೇ ಅಲ್ಲ, ಕಂಬಿಯ ಎರಡು ಪಕ್ಕದ್ದೂ ಬರುತ್ತೆ. ಆದರೆ ಆ ಹಲಗೆ ಆ ಜಾಲರಿಗೇ. ನಿಮ್ಮದು ನನಗಾಗಲ್ಲ, ನನ್ನದು ನಿಮಗಾಗಲ್ಲ. ಸಕ್ಕರೆ, ಕಾಫಿಪುಡಿ ಬೇಲಿ ದಾಟಿದ ಹಾಗೆ ಇದು ದಾಟೋ ವಸ್ತು ಅಲ್ಲ ನೋಡಿ.

ಉಜ್ಜೋದು ಯಾವಾಗ ಅಂದರೆ ಬಿಸಿ ಇರುವಾಗಲೇ. ಬಾಡು ತೆಗೆದ ಮೇಲೆ ಖಾಲಿ ಜಾಲರಿಯನ್ನ ಕೆಂಡದ ಮೇಲೆ ಇನ್ನೊಂದು ಹತ್ತು ಹದಿನೈದು ನಿಮಿಷ ಬಿಟ್ಟರೆ ಅಂಟಿದ್ದೆಲ್ಲ ಗರಿಗರಿಯಾಗಿ ಸುಲಭವಾಗಿ ಏಳುತ್ತೆ. ಮಾರನೇ ದಿನಕ್ಕೆ ಬಿಟ್ಟಿರೋ ದಿನವೇ ತಂತಿ ಬ್ರಷ್ಷಿನ ನೆನಪಾಗೋದು, ಅಲ್ವಾ? ಕಂಬಿ ಹೋದ ದಿಕ್ಕಿಗೇ ಎಳೀಬೇಕು, ಅಡ್ಡ ಅಲ್ಲ. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಜಿಡ್ಡು ತೊಟ್ಟಿಕ್ಕಿ ಧಗ್ ಅಂದರೆ ನೀರು ಎರಚಬೇಡಿ, ಮುಚ್ಚಳ ಮುಚ್ಚಿ, ತಾನೇ ಆರುತ್ತೆ. ಬೀಡಿನ ಜಾಲರಿಯಾದರಂತೂ ಕಾದಾಗ ತಣ್ಣೀರು ಸುರಿದರೆ ಸೀಳೇ ಬಿಡುತ್ತೆ.

ಕೊನೆಗೆ ಈರುಳ್ಳಿ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯನ್ನ ಎಣ್ಣೆಗೆ ಅದ್ದಿ ಸವರ್ತೀವಲ್ಲ, ಹಾಗೇ ಉದ್ದನೆ ಫೋರ್ಕಿಗೆ ಚುಚ್ಚಿ ಜಾಲರಿ ಮೇಲೆ ಓಡಿಸಿ. ಹಲಗೆ ಬಿಟ್ಟ ಮಸಿ, ಸಣ್ಣ ಚೂರು ಎಲ್ಲಾ ಈರುಳ್ಳಿಗೆ ಹತ್ತಿಕೊಂಡು ಬರುತ್ತೆ. ಜಗಳೂರು ಈರುಳ್ಳಿ ಬೆಳೆಯೋ ಊರು, ಅಲ್ಲಿಯವರಿಗೆ ಇದನ್ನ ನಾನು ಹೇಳಬೇಕಾಗಿಲ್ಲ. ಈಗಾಗಲೇ ತಂತಿ ಬ್ರಷ್ಷು ಹಾಕಿದ್ದ ಜಾಲರಿಯಾದರೆ ಈ ಕೆಲಸ ಬಿಡಲೇಬೇಡಿ, ಆಮೇಲೆ ಹಗಲಲ್ಲಿ ಒದ್ದೆ ಬಿಳೀ ಬಟ್ಟೆಯಿಂದ ಒರೆಸಿ ಬಟ್ಟೆಯನ್ನ ಬಿಚ್ಚಿ ನೋಡಿ. ಎಳೆ ಇದ್ದರೆ ಅಲ್ಲಿ ಮಿನುಗುತ್ತೆ.

ಬೂದಿಯನ್ನ ಆ ರಾತ್ರಿಯೇ ತಿಪ್ಪೆಗೆ ಸುರೀಬೇಡಿ. ಒಳಗಿನ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತೆ, ಪಕ್ಕದಲ್ಲಿ ಮೇವಿನ ಬಣವೆ ಇದ್ದರಂತೂ ಕೇಳೋದೇ ಬೇಡ. ಹಲಗೆಯನ್ನ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ನಿಲ್ಲಿಸಿ, ಒದ್ದೆಯಾಗಿ ಮೂಲೆಗಿಟ್ಟರೆ ಬೂಸ್ಟು ಹಿಡಿಯುತ್ತೆ. ತುದಿ ಬಹಳ ಸವೆದರೆ ಎರಡು ಬೆರಳಗಲ ಗರಗಸದಿಂದ ಕತ್ತರಿಸಿ ಮತ್ತೆ ಓರೆ ಮಾಡಿಸಿಕೊಳ್ಳಿ, ಹೊಸ ಹಲ್ಲು ಮತ್ತೆ ಬೀಳುತ್ತೆ. ಹಿಡಿಯಷ್ಟೇ ಉಳಿದ ಮೇಲೆ ನೀರೊಲೆಗೆ ಹಾಕಿ. ಜಿಡ್ಡು ಕುಡಿದ ಜಾಲಿ, ಒಂದು ಹಂಡೆ ನೀರಾದರೂ ಕಾಯಿಸಿ ಕೊಡುತ್ತೆ.