ನವವಸ್ತ್ರವಿರತ ಓಟಗಾರನ ಉಡುಪಿನ ತಾತ್ವಿಕ ನೆಲೆಗಳು: ಒಂದು ಅಧ್ಯಯನ

1. ಪ್ರವೇಶಿಕೆ

ಹೊಸ ಬಟ್ಟೆ ಕೊಳ್ಳುವುದನ್ನು ಬಿಟ್ಟ, ಆದರೆ ದೂರದೋಟವನ್ನು ಬಿಡದ ದೇಹವು ಮಾರುಕಟ್ಟೆಯ ಯಜಮಾನಿಕೆ ಸಂಕಥನಗಳ ಎದುರು ಪ್ರತಿರೋಧದ ಪಠ್ಯವಾಗಿ ರೂಪುಗೊಳ್ಳುವ ಬಹುನೆಲೆಯ ಪ್ರಕ್ರಿಯೆಯನ್ನು ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಾಕ್ಯ ಅರ್ಥವಾಗದವರು ಗಾಬರಿ ಬೀಳಬೇಕಿಲ್ಲ. ವಿಚಾರ ಸಂಕಿರಣವೊಂದರಲ್ಲಿ ಬೆಳಗಿನಿಂದ ಇಂಥವನ್ನೇ ಕೇಳಿ, ಊಟದ ಕೂಪನ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಪ್ರಸ್ತುತ ಸಂಶೋಧಕನಿಗೆ ಈ ವಿಷಯ ಹೊಳೆಯಿತು. ಮಾರನೆಯ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಟದ ಗುಂಪಿನ ಹಿರಿಯರೊಬ್ಬರು ಸಾಕ್ಸ್ ಕುರಿತು ಅರ್ಧ ಗಂಟೆ ಪ್ರವಚನ ಮಾಡಿದರು. ಬೆರಳಸಂದಿಯ ಬೆವರಿನ ನಿರ್ವಹಣೆ, ಹಿಮ್ಮಡಿಯ ಬಯೋಮೆಕಾನಿಕ್ಸ್ ಇತ್ಯಾದಿ. ಸಂಕಿರಣದವರಿಗೂ ಇವರಿಗೂ ಭಾಷೆ ಸರಬರಾಜಾಗುವುದು ಒಂದೇ ಗೋದಾಮಿನಿಂದ ಎಂಬ ಪ್ರಮೇಯ ಅಲ್ಲೇ ಸಿದ್ಧವಾಯಿತು.

ಅಧ್ಯಯನದ ವ್ಯಾಪ್ತಿ: ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರು ರಸ್ತೆ. ಮಿತಿ: ಸಂಶೋಧಕನ ಎಡ ಮೊಣಕಾಲು.

ಅಧ್ಯಯನದ ಘಟಕವನ್ನು 'ನವವಸ್ತ್ರವಿರತ ಹವ್ಯಾಸಿ ದೀರ್ಘಧಾವಕ', ಸಂಕ್ಷಿಪ್ತವಾಗಿ 'ನವಹದೀ' ಎಂದು ಕರೆಯಲಾಗಿದೆ. ಪದಕದ ಯೋಗ್ಯತೆಯಾಗಲಿ ಆಸೆಯಾಗಲಿ ಇಲ್ಲದೆ ಭಾನುವಾರ ಇಪ್ಪತ್ತೊಂದು ಕಿಲೋಮೀಟರ್ ಓಡಿ, ಸೋಮವಾರ ಆಫೀಸಿನ ಮೆಟ್ಟಿಲನ್ನು ಅಡ್ಡಡ್ಡ ಇಳಿಯುವವನೇ ನವಹದೀ.

2. ಪೂರ್ವಪಕ್ಷ: ಶೂ ಬಟ್ಟೆಯೇ?

ಹೊಸ ಬಟ್ಟೆ ಕೊಳ್ಳದ ವ್ರತ ಹಿಡಿದವನಿಗೆ ಮೊದಲು ಎದುರಾಗುವ ತಾತ್ವಿಕ ಬಿಕ್ಕಟ್ಟು ಇದು. ಮೈಗೆ ತೊಡುವುದೆಲ್ಲ ಬಟ್ಟೆ ಎಂಬುದು ಪೂರ್ವಪಕ್ಷ. ಹಾಗಾದರೆ ಕನ್ನಡಕವೂ ಬಟ್ಟೆಯಾದೀತು ಎಂಬುದು ಆಕ್ಷೇಪ. ದೇವಸ್ಥಾನದ ಬಾಗಿಲಲ್ಲಿ ಕಳಚಿಡುವಂಥದ್ದು ಬಟ್ಟೆಯಲ್ಲ ಎಂಬುದು ಸಿದ್ಧಾಂತ. ಕರಾವಳಿಯ ದೇವಸ್ಥಾನಗಳಲ್ಲಿ ಅಂಗಿಯನ್ನೂ ಕಳಚಿಸುವ ಪದ್ಧತಿಯನ್ನು ಮುಂದಿಟ್ಟು ಆ ಕಡೆಯ ವಿದ್ವಾಂಸರು ಇದನ್ನು ಖಂಡಿಸಬಹುದು, ಖಂಡಿಸಲಿ.

ಓಡಲು ಶೂ ಬೇಕೇಬೇಕೇ ಎಂಬ ಬಗ್ಗೆ ಆಕರಗಳು ಇಬ್ಬಂದಿಯಲ್ಲಿವೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 42.195 ಕಿಲೋಮೀಟರನ್ನು ಬರಿಗಾಲಲ್ಲಿ ಓಡಿ ಚಿನ್ನ ಗೆದ್ದರು. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಶೂ ಹಾಕಿ ಓಡಿ ಮತ್ತೆ ಚಿನ್ನವನ್ನೇ ಗೆದ್ದರು. ಹೀಗಾಗಿ ಎರಡೂ ಪಕ್ಷದವರು ಅವರನ್ನು ತಮ್ಮವರೆನ್ನುತ್ತಾರೆ. ಬರಿಗಾಲ ಓಟಕ್ಕೆ ಹೆಸರಾಗಿದ್ದ ನಮ್ಮ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದರು; ಎಷ್ಟೋ ಬಗೆಯ ಶೂಗಳು ಬಂದುಹೋದರೂ ಆ ರಾಷ್ಟ್ರೀಯ ದಾಖಲೆ ದಶಕಗಳ ಕಾಲ ಅಲುಗಲಿಲ್ಲ. ಇನ್ನೊಂದು ಕಡೆ, 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೊಗೆ ದಪ್ಪ ಅಟ್ಟೆಯ, ಒಳಗೆ ಕಾರ್ಬನ್ ತಗಡಿನ ಶೂ ಹಾಕಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿಬಿಟ್ಟರು. ಮರುವರ್ಷವೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂ ಅಟ್ಟೆ 40 ಮಿಲಿಮೀಟರ್ ಮೀರಕೂಡದೆಂದು ನಿಯಮ ಮಾಡಬೇಕಾಯಿತು. ಈಗ ಅದೇ ಜಾತಿಯ ಶೂ ಹಾಕಿಕೊಂಡು ನಮ್ಮ ಹಿರಿಯರು ಕಬ್ಬನ್ ಪಾರ್ಕಿನಲ್ಲಿ ಕಿಲೋಮೀಟರಿಗೆ ಎಂಟು ನಿಮಿಷದಂತೆ, ಫೋನಿನಲ್ಲಿ ಮಾತಾಡುತ್ತಾ, ಸಾಗುತ್ತಾರೆ.

ತೀರ್ಪು: ಚಪ್ಪಲಿ ಹೊಲಿಯುವವರು ಸಲ್ಯೂಷನ್ ಹಚ್ಚಿ, ದಾರ ಹಾಕಿ, ಕಡೆಗೆ "ಇದು ಇನ್ನಾಗಲ್ಲ ಸಾ" ಎಂದು ವಾಪಸು ಕೊಟ್ಟ ದಿನ ನವಹದೀ ಹೊಸ ಶೂ ಕೊಳ್ಳಬಹುದು. ಮಂಡಿಗಿಂತ ವ್ರತ ದೊಡ್ಡದಲ್ಲ.

3. ವರ್ಗೀಕರಣ

ನವಹದೀಯ ವಸ್ತ್ರಗಳು ಏಳು ವಿಧ.

ಒಂದು, ಜೀರ್ಣಾಂಬರ. ಎಲಾಸ್ಟಿಕ್ ಸತ್ತ ಚಡ್ಡಿ ಇದರ ಮುಖ್ಯ ಮಾದರಿ. ಓಟದ ದಿನ ಎದೆಗೆ ಬಿಬ್, ಅಂದರೆ ನಂಬರಿನ ಚೀಟಿ, ಸಿಕ್ಕಿಸಿಕೊಳ್ಳಲು ಕೊಟ್ಟ ಪಿನ್ನಿನ ತುದಿಗೆ ಲಾಡಿ ಪೋಣಿಸಿ, ಸೊಂಟಪಟ್ಟಿಯ ಒಂದು ತೂತಿನಲ್ಲಿ ತೂರಿಸಿ, ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಹಿಂದಕ್ಕೆ ತಳ್ಳುತ್ತಾ ಇನ್ನೊಂದು ತೂತಿನಲ್ಲಿ ಹೊರಗೆಳೆಯುವುದು ಇದರ ಪುನಶ್ಚೇತನ ವಿಧಾನ. ಪಿನ್ನು ನಡುದಾರಿಯಲ್ಲಿ ಬಾಯಿ ಬಿಟ್ಟರೆ ಮೊದಲಿನಿಂದ ಶುರು.

ಎರಡು, ದತ್ತಾಂಬರ. ಅಂದರೆ ಓಟ ಏರ್ಪಡಿಸಿದವರು ಕೊಡುವ ಟೀ ಶರ್ಟು. ಎದೆಯ ಮೇಲೆ ಓಟದ ಹೆಸರು, ಬೆನ್ನ ಮೇಲೆ ಬ್ಯಾಂಕು, ಸಿಮೆಂಟು, ಅಪಾರ್ಟ್‌ಮೆಂಟು, ಮಂಡಿ ಚಿಪ್ಪು ಬದಲಿಸುವ ಆಸ್ಪತ್ರೆ. ಬಟ್ಟೆ ಅಪ್ಪಟ ಪಾಲಿಯೆಸ್ಟರ್. ಒಗೆದು ಬಿಸಿಲಿಗೆ ಹಾಕಿದರೆ ಕಂಕುಳ ವಾಸನೆ ಹೋದಂತೆ ನಟಿಸುತ್ತದೆ. ಮತ್ತೆ ತೊಟ್ಟು ಎರಡನೇ ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಹಳೆ ಸಾಲಗಾರನಂತೆ ಹಾಜರಾಗುತ್ತದೆ. ಎದೆ ಉಜ್ಜಿ ರಕ್ತ ಬರದಿರಲು ಕೊಬ್ಬರಿ ಎಣ್ಣೆ ಬೇರೆ ಹಚ್ಚಿಕೊಳ್ಳಬೇಕು.

ಮೂರು, ಸಾಕ್ಸು. ಇದರ ಬಗ್ಗೆ ಅರ್ಧ ಗಂಟೆ ಕೇಳಿದವನಿಂದ ಇನ್ನೊಂದು ಅಕ್ಷರ ನಿರೀಕ್ಷಿಸಬೇಡಿ. ಉಳಿದ ನಾಲ್ಕು ವಿಧಗಳನ್ನು ಮಾರ್ಗದರ್ಶಕರೇ ಊಹಿಸಿಕೊಳ್ಳತಕ್ಕದ್ದು.

4. ವಸ್ತ್ರದ ಪುನರ್ಜನ್ಮ ಮೀಮಾಂಸೆ

ನಮ್ಮ ಮನೆಗಳಲ್ಲಿ ಬಟ್ಟೆಗೆ ಸಾವಿರಲಿಲ್ಲ. ಅಣ್ಣನ ಅಂಗಿ ತಮ್ಮನಿಗೆ. ಅಪ್ಪನ ಹತ್ತಿ ಬನಿಯನ್ನು ತೂತಾದ ಮೇಲೆ ಸೈಕಲ್ ಒರೆಸುವುದಕ್ಕೆ. ಹಳೇ ಪಂಚೆ ಅಡುಗೆಮನೆಯಲ್ಲಿ ಮಸಿಬಟ್ಟೆ. ಉತ್ತರ ಕರ್ನಾಟಕದ ಕಡೆ ಅಜ್ಜಿಯ ಸೀರೆಗಳು ಒಂದರ ಮೇಲೊಂದು ಕೂತು ಕೌದಿಯಾಗಿ ಮೊಮ್ಮಕ್ಕಳ ಚಳಿ ಕಾಯುತ್ತಿದ್ದವು. ಇದಕ್ಕೆ ಯಾರೂ ಸುಸ್ಥಿರತೆ ಎಂದು ಹೆಸರಿಟ್ಟು ಕಾರ್ಯಾಗಾರ ನಡೆಸಲಿಲ್ಲ.

ದತ್ತಾಂಬರಕ್ಕೆ ಈ ಪುನರ್ಜನ್ಮವಿಲ್ಲ. ನೆಲ ಒರೆಸಲು ಹಾಕಿದರೆ ನೀರು ಹೀರುವುದಿಲ್ಲ, ಅತ್ತಿಂದಿತ್ತ ತಳ್ಳುತ್ತದೆ. ಒಲೆಯಿಂದ ಪಾತ್ರೆ ಇಳಿಸಲು ಹಿಡಿದರೆ ಉರಿ ತಾಗಿದ ಅಂಚು ಕರಗಿ, ಮುದುಡಿ, ಕಪ್ಪು ಗಂಟಾಗುತ್ತದೆ. ಪ್ಲಾಸ್ಟಿಕ್ ಅಲ್ಲವೇ, ಇನ್ನೇನಾಗಬೇಕು? ಒಗೆದಾಗಲೆಲ್ಲ ಅದು ಬಿಡುವ ಕಣ್ಣಿಗೆ ಕಾಣದ ಎಳೆ ಮೋರಿ ಸೇರುತ್ತದೆ. ಉಳಿದದ್ದು ಬೀರುವಿನ ತಳದಲ್ಲಿ ಮಡಿಕೆಯೂ ಬೀಳದೆ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳುತ್ತದೆ.

5. ಕ್ಷೇತ್ರಕಾರ್ಯ

ವಕ್ತೃ ಒಂದು: ಸೋದರತ್ತೆ, ಮಂಡ್ಯ. ಸಂದರ್ಭ: ಯುಗಾದಿ.

"ಹಬ್ಬದ್ ದಿನಾನೂ ಇದೇ ಬಟ್ಟೇನಾ? ಬೆನ್ ಮೇಲೆ ಆಸ್ಪತ್ರೆ ಹೆಸ್ರು ಬೇರೆ!"

"ಹೊಸದು ತಗೊಳೋದು ಬಿಟ್ಟಿದೀನಿ, ಅತ್ತೆ."

ಅತ್ತೆ ಒಳಗೆ ಹೋಗಿ ಬಂದರು. ದನಿ ತಗ್ಗಿತ್ತು. "ದುಡ್ಡಿಗೇನಾರ ತಾಪತ್ರಯ ಇದ್ರೆ ಮುಚ್ಚಿಡ್ಬೇಡ ಕಣಪ್ಪ. ನಾವೆಲ್ಲ ಇಲ್ವಾ?"

ನವಹದೀಯ ತ್ಯಾಗವೂ ಬಡವನ ತಾಪತ್ರಯವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ ಎಂಬುದು ಇಲ್ಲಿನ ಶೋಧ. ಒಬ್ಬನಿಗೆ ಮಾತ್ರ ಚಪ್ಪಾಳೆ ಸಿಗುತ್ತದೆ.

ವಕ್ತೃ ಎರಡು: ಓಟದ ಗುಂಪಿನ ಗೆಳೆಯ. "ನಿಮ್ಮಿಂದ ಸ್ಫೂರ್ತಿ ಬಂತು ಸರ್. ಹಳೆ ಬಾಟಲಿ ಕರಗಿಸಿ ಮಾಡಿದ ಟೀ ಶರ್ಟ್ ಬಂದಿದೆಯಲ್ಲ, ಪರಿಸರಕ್ಕೆ ಒಳ್ಳೇದಂತೆ. ಐದು ತಗೊಂಡೆ."

6. 'ಬೇಡ' ಎಂಬ ಅಳತೆಯ ಅಭಾವ

ವ್ರತಕ್ಕೆ ನಿಜವಾದ ಧಕ್ಕೆ ಅಂಗಡಿಯಿಂದ ಬರುವುದಿಲ್ಲ, ಓಟದ ಅರ್ಜಿಯಿಂದ ಬರುತ್ತದೆ. 'ಟೀ ಶರ್ಟಿನ ಅಳತೆ' ಎಂಬ ಕಲಂ ತುಂಬದೆ ಅರ್ಜಿ ಮುಂದೆ ಹೋಗುವುದಿಲ್ಲ. ಪಕ್ಕದಲ್ಲಿ ಕೆಂಪು ನಕ್ಷತ್ರ. ಸಣ್ಣದು, ಮಧ್ಯಮ, ದೊಡ್ಡದು, ಅತಿ ದೊಡ್ಡದು ಎಲ್ಲವೂ ಇವೆ. 'ಬೇಡ' ಇಲ್ಲ. ಬಿಬ್ ತರಲು ಹೋದಾಗ ವಾಪಸು ಕೊಟ್ಟರೆ ಕೌಂಟರಿನ ಹುಡುಗ, "ಲೆಕ್ಕ ತಪ್ಪುತ್ತೆ ಸರ್, ತಗೊಂಡ್ಬಿಡಿ," ಎಂದು ಚೀಲಕ್ಕೆ ತುರುಕುತ್ತಾನೆ. ಈ ಬಲವಂತದ ದಾನವನ್ನು 'ಉಪಭೋಗದ ಅನೈಚ್ಛಿಕ ಆಯಾಮ' ಎಂದು ಸೈದ್ಧಾಂತೀಕರಿಸಬಹುದಿತ್ತು.

ಆದರೆ ಇನ್ನು ನನ್ನಿಂದಾಗದು. ಆ ಟೀ ಶರ್ಟನ್ನು ಯಾರೋ ಹೊಲಿದಿದ್ದಾರೆ.

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಮೈಸೂರು ರಸ್ತೆಯಲ್ಲೋ ಪೀಣ್ಯದಲ್ಲೋ ನಿಂತು ನೋಡಿ. ಊಟದ ಡಬ್ಬಿಯ ಚೀಲವನ್ನು ಕಂಕುಳಿಗೆ ಒತ್ತಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ಹೆಂಗಸರು ಓಡುತ್ತಿರುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ. ಗಾರ್ಮೆಂಟ್ಸಿನ ಗೇಟು ಮುಚ್ಚಿದರೆ ಕೂಲಿ ಹೋಯಿತು. ಒಳಗೆ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್, ತಲೆಯ ಮೇಲೆ ಸೂಪರ್‌ವೈಸರ್. ಪದೇ ಪದೇ ಶೌಚಕ್ಕೆ ಎದ್ದರೆ ಬೈಗುಳವೆಂದು ನೀರನ್ನೇ ಕಡಿಮೆ ಕುಡಿಯುವವರು ಅವರು. ನಮಗೋ, ಶೋಕಿಗೆ ಓಡುವವರಿಗೆ, ಹೆಜ್ಜೆಹೆಜ್ಜೆಗೂ ನೀರಿನ ಮೇಜು, ಬಾಳೆಹಣ್ಣು, ಡೋಲು, "ಬನ್ನಿ ಸರ್, ಇನ್ನೇನು ಬಂತು!" ಎಂಬ ಕೂಗು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡನ್ನು ಪೂರ್ತಿ ತೆಗೆಯದಂತೆ ಕೇಂದ್ರ ಸರ್ಕಾರ ತಂದಿದ್ದ ಕಟ್ಟುಪಾಡಿನ ವಿರುದ್ಧ ಇದೇ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಎರಡನೇ ದಿನಕ್ಕೆ ಸರ್ಕಾರ ಹಿಂದೆ ಸರಿಯಿತು. ನಮ್ಮ ಓಟದ ಗುಂಪಿನಲ್ಲಿ ಆ ವಾರ ಆದ ಚರ್ಚೆ ಟ್ರಾಫಿಕ್ ಜಾಮಿನದು.

"ನೀವು ಬಟ್ಟೆ ಕೊಳ್ಳದಿದ್ದರೆ ಅವರ ಕೆಲಸ ಹೋಗುವುದಿಲ್ಲವೇ?" ಎಂದು ವೈವಾದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಳ್ಳುತ್ತಿದ್ದಾಗ ಅವರ ಕೂಲಿ ಎಷ್ಟು ಏರಿತ್ತು, ಸ್ವಾಮಿ? ರಿಯಾಯಿತಿ ಮಾರಾಟದಲ್ಲಿ ಒಂದಕ್ಕೆ ಎರಡು ತರುವಾಗ ಈ ಕಾಳಜಿ ಎಲ್ಲಿತ್ತು? ನನ್ನೊಬ್ಬನ ವ್ರತದಿಂದ ಅವರಿಗೆ ನಯಾಪೈಸೆ ದಕ್ಕುವುದಿಲ್ಲ, ಗೊತ್ತು. ಬೇಡವೆಂದವನಿಗೂ ತೊಡಿಸುವ ಸಲುವಾಗಿ ಅವರ ಬೆನ್ನು ಬಾಗಬೇಕಿಲ್ಲ, ಅಷ್ಟೇ.

7. ಸಮಾರೋಪ

ಬರೆದಿಲ್ಲ. ಬದಲಿಗೆ ಓಟ ಏರ್ಪಡಿಸುವವರಿಗೆ ಒಂದು ಮನವಿ ಲಗತ್ತಿಸಿದ್ದೇನೆ. ಅರ್ಜಿಯಲ್ಲಿ 'ಬೇಡ' ಎಂಬ ಅಳತೆ ಸೇರಿಸಿ, ಹಾಗೆಂದವರ ಶುಲ್ಕದಲ್ಲಿ ಟೀ ಶರ್ಟಿನ ದುಡ್ಡು ಕಳೆಯಿರಿ. ಬೇಕೆಂದವರಿಗೆ ಕೊಡುವುದಾದರೆ ಬೆನ್ನ ಮೇಲೆ ಆಸ್ಪತ್ರೆಯ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಇದನ್ನು ಹೊಲಿದವರಿಗೆ ದಿನಕ್ಕೆ ಎಷ್ಟು ಕೂಲಿ ಸಿಕ್ಕಿತು ಎಂಬುದನ್ನು ಅಲ್ಲಿ ಅಚ್ಚು ಹಾಕಿಸಿ.